ಪಿಟ್ಟೆ ದೊರೆಯ ಭಟ್ಟಿ

ಒಡೆದ ಗಾಜು ಕಿಲೋಗೆ ಎರಡು ರೂಪಾಯಿ.
ಒಡೆಯದ್ದಕ್ಕೆ ಲೆಕ್ಕ ಬೇರೆ.
ಬೋಳಾರದ ಹೊಳೆಬದಿ ಜೆಸಿಬಿ ಅಗೆದ ಮಣ್ಣಲ್ಲಿ
ಸಿಕ್ಕಿತೆಂದು ತಂದ ಹುಡುಗನಿಗೆ ಐವತ್ತು ಕೊಟ್ಟೆ,
ಕೊಟ್ಟಮೇಲೆ ಹೆಚ್ಚಾಯಿತೆಂದು ನನ್ನನ್ನೇ ಬೈದುಕೊಂಡೆ.

ಕಡುಹಸಿರು ಬಾಟಲಿ. ತಳ ದಪ್ಪ.
ಗಾಜಿನೊಳಗೊಂದು ಗುಳ್ಳೆ: ಊದಿದವನ ಉಸಿರು
ಹೊರಗೆ ದಾರಿ ಕಾಣದೆ ಅಲ್ಲೇ ಕೂತಿದೆ.
ಬೆನ್ನ ಮೇಲೆ ಉಬ್ಬಕ್ಷರ: ಪಿಟ್‌ಕೇರ್ನ್, ಮ್ಯಾಂಗಲೂರ್.
ಕೆಳಗೆ ಒಂದು, ಎಂಟು, ಎಂಟು,
ಕೊನೆಯ ಅಂಕಿಯನ್ನು ಉಪ್ಪುನೀರು ತಿಂದಿದೆ.

ನಾನು ಕುಡಿದವನಲ್ಲ, ನಮ್ಮಲ್ಲಿ ಯಾರೂ ಕುಡಿದವರಲ್ಲ.
ಹೊತ್ತವರಿದ್ದಾರೆ.
ಅಜ್ಜನ ಅಜ್ಜ ಮಮ್ಮುಂಞಿಯ ಮಂಜಿಯಲ್ಲಿ
ಕರಾಚಿಯಿಂದ ಬಾರ್ಲಿ ಬಂತು, ನೂರಾ ಹತ್ತು ಮೂಟೆ.
ಕುದುರೆಗೆಂದು ತಿಳಿದಿದ್ದರಂತೆ; ಅಥವಾ
ಹಾಗೆ ತಿಳಿಯುವುದೇ ಒಳ್ಳೆಯದೆಂದು ತಿಳಿದಿದ್ದರಂತೆ.

ಕಾಫಿ ಕಂಪೆನಿ ಬಿಟ್ಟ ದೊರೆ
ಇಲ್ಲಿಯ ಬಾವಿನೀರು ಬಾಯಿಗೆ ಹಾಕಿ
ನನ್ನೂರಿನದೇ ರುಚಿ ಎಂದು ಅತ್ತನಂತೆ.
(‘ಅಂತೆ’ಗಳಿಗೆ ನಾನು ರಸೀದಿ ಕೊಡುವುದಿಲ್ಲ.)
ಮುರಕಲ್ಲಿನ ಗೋಡೆ ಎದ್ದಿತು,
ಮೊಳಕೆ ಹರಡಲು ಹಂಚಿನ ನೆಲ, ತಾಮ್ರದ ಹಂಡೆ.
ಹಂಡೆ ಎಳೆದು ತಂದ ಎತ್ತು ಮೂರು ದಿನ ಏಳಲಿಲ್ಲ.
ಪಿಟ್‌ಕೇರ್ನ್ ನಾಲಗೆಗೆ ಹೊರಳದೆ ಊರು ಅವನನ್ನು
ಪಿಟ್ಟೆ ದೊರೆ ಎಂದಿತು.

ಮೊದಲ ಪಾಕ ಉಬ್ಬಲಿಲ್ಲ.
ಸೀಮೆಯಿಂದ ಹಡಗಿನಲ್ಲಿ ತಂದ ಹೆಪ್ಪು
ಏಡನ್ ದಾಟುವ ಮೊದಲೇ ಸತ್ತಿತ್ತು.

ಆಗ ಹಿತ್ತಲ ಬಾಗಿಲಿಗೆ ಬಂದವಳು ದುಗ್ಗು.
ಅವಳ ಗಂಡ ಹತ್ತುವ ಮರಕ್ಕೆಲ್ಲ ಸರ್ಕಾರ ನಂಬರು ಹೊಡೆದಿತ್ತು,
ನಂಬರಿಲ್ಲದ್ದೊಂದನ್ನು ಹತ್ತಿದ್ದಕ್ಕೆ ಅವನು ಜೈಲಿನಲ್ಲಿದ್ದ.
ಮಡಕೆಯ ತಳದ ಕಳ್ಳಿನ ಗಸಿ, ಮೂರು ಸೇರು,
ಒಂದಾಣೆಗೆ ಮಾರಿದಳು.
ಮುಚ್ಚಳ ಸರಿಸಿ ತಾನೇ ಸುರಿದಳು.

ಆ ರಾತ್ರಿ ಪೀಪಾಯಿ ಗುಳುಗುಳು ಮಾತಾಡಿತು.
ದೊರೆಗೆ ಅರ್ಥವಾಗಲಿಲ್ಲ.
ತುಳು ಇರಬೇಕು.

ಎರಡು ಮಳೆಗಾಲ ನಡೆಯಿತು ಭಟ್ಟಿ.
ಘಟ್ಟದ ಮೇಲಿನ ತೋಟದ ದೊರೆಗಳು, ಬಂದರಿನ ಕಪ್ತಾನರು
ಕುಡಿದು ಮೀಸೆಯ ನೊರೆ ಒರೆಸಿಕೊಂಡು
ಏನೋ ಬೇರೆ ವಾಸನೆ ಎಂದರು,
ಇನ್ನೊಂದು ತರಿಸಿದರು.
ಬಾಟಲಿಗೆ ಅಚ್ಚು ಮಾಡಿಸಿದ್ದು ಆಗಲೇ.
ಉಬ್ಬಿಸಿದವಳ ಹೆಸರು ಉಬ್ಬಕ್ಷರದಲ್ಲಿಲ್ಲ.

ಮೂರನೆಯ ವರ್ಷದ ಮೇ ತಿಂಗಳು.
ನಲವತ್ತು ಪೀಪಾಯಿ, ನಲವತ್ತೂ ಹುಳಿ.
ಘಟ್ಟಕ್ಕೆ ಹೋದ ಗಾಡಿ ತುಂಬಿಕೊಂಡೇ ಇಳಿಯಿತು.
ದೊರೆ ಒಳಗಿನಿಂದ ಚಿಲಕ ಹಾಕಿಕೊಂಡ.
ನಾಲ್ಕನೆಯ ದಿನ ಚಿಲಕ ಬಡಿದವರು ಜೆಪ್ಪುವಿನ ನಾತಾಲ್ ಬಾಯಿ;
ಬೆರಳು ಅದ್ದಿ, ಚಪ್ಪರಿಸಿ, ಕಣ್ಣು ಮುಚ್ಚಿ,
‘ಅಯ್ಯೋ ದೊರೆ, ಇದು ಶಿರ್ಕೊ!’
ಭರಣಿ ಹೊತ್ತ ಹೆಂಗಸರ ಸಾಲು ಹೊಳೆಯವರೆಗೆ.
ಆ ಕ್ರಿಸ್ಮಸ್ಸಿಗೆ ಊರಿನ ಹಂದಿ ಸಾರಿಗೆಲ್ಲ,
ಮಾವಿನಮಿಡಿಗೆಲ್ಲ, ಪಿಟ್ಟೆ ದೊರೆಯ ಹುಳಿ.

ಬಿಯರಿಗಿಂತ ಹುಳಿಯಲ್ಲೇ ಲಾಭ ಹೆಚ್ಚು ಬಂತಂತೆ.
ನಾನಾಗಿದ್ದರೆ ಬೋರ್ಡು ಬದಲಿಸುತ್ತಿದ್ದೆ.
ಅವನು ಸ್ಟೀಮರು ಹತ್ತಿದ.

ಆಮೇಲೆ ಅದೇ ಗೋಡೆಯೊಳಗೆ ಹಂಚಿನ ಗೋದಾಮು,
ಗೋಲಿ ಸೋಡಾ, ಐಸು, ಬೀಡಿ ಎಲೆ,
ತುಂಬ ದಿನ ಬರೀ ಬಾವಲಿ.
ಈಗ ಹದಿನಾಲ್ಕು ಮಾಳಿಗೆ ಬರುತ್ತದೆ, ಹೊಳೆ ಕಾಣುವ ಬಾಲ್ಕನಿ.
ಬಾವಿಗೆ ಕಾಂಕ್ರೀಟು ಸುರಿದರು ನಿನ್ನೆ.

ಕದ್ರಿಯಿಂದ ಒಬ್ಬರು ಬಂದಿದ್ದರು, ಹಳೇ ಬಾಟಲಿ ಕೂಡಿಡುವವರು.
ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ
‘ಎಷ್ಟು ಬೇಕು ಹೇಳಿ ಬ್ಯಾರಿಗಳೇ’ ಎಂದರು.
ಮೂಟೆಗೆ ಎರಡಾಣೆ ಸಾಗಾಟ, ನೂರಾ ಹತ್ತು ಮೂಟೆ,
ಮಮ್ಮುಂಞಿಗೆ ಇವತ್ತಿಗೂ ಬಾಕಿ.
‘ಹದಿಮೂರು ರೂಪಾಯಿ ಹನ್ನೆರಡಾಣೆ’ ಎಂದೆ,
‘ಅಸಲು ಮಾತ್ರ. ಬಡ್ಡಿ ನಮಗಾಗದು.’
ಅವರು ನಕ್ಕರು. ಆಣೆ ಈಗ ಎಲ್ಲಿ ಸಿಗುತ್ತದೆ?

ಅದೇ ಕಷ್ಟ ಎಂದು
ಬಾಟಲಿಯನ್ನು ತಕ್ಕಡಿಯ ಹಿಂದೆ ಇಟ್ಟೆ.